ಹಿತ್ತಲ ನಲ್ಲಿಯ ಬಳಿ ಕೇಳಿದ ಪ್ರಶ್ನೆ

ಸಿಸ್ಟರ್ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಮೂಡಲಪಾಳ್ಯದ ಮೆಡಿಕಲ್ ಶಾಪಿನಲ್ಲಿ. ಅತ್ತೆಯ ಮಂಡಿನೋವಿಗೆ ಮುಲಾಮು ತರಲು ಹೋಗಿದ್ದೆ. ಅಂಗಡಿಯವನು ಮುಲಾಮನ್ನು ಕವರಿಗೆ ಹಾಕುತ್ತಾ, "ಮೇಡಂ, ಸಿಸ್ಟರ್ ಹೋಗ್ಬಿಟ್ರಂತೆ. ಬೆಳಿಗ್ಗೆ ಟೀ ಕುಡಿದು ಕುರ್ಚೀಲಿ ಒರಗಿದವ್ರು ಏಳ್ಲೇ ಇಲ್ವಂತೆ," ಎಂದ. ಯಾವ ಸಿಸ್ಟರ್ ಎಂದು ನಾನು ಕೇಳಲಿಲ್ಲ. ನಮ್ಮ ಏರಿಯಾದಲ್ಲಿ ಹೆತ್ತ ಹೆಂಗಸರಿಗೆಲ್ಲ ಸಿಸ್ಟರ್ ಅಂದರೆ ಅವರೊಬ್ಬರೇ. ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಅವರಿಗೆ ಹೇಳಬೇಕಾದ ಒಂದು ಮಾತು ಐದು ವರ್ಷದಿಂದ ನನ್ನ ಹತ್ತಿರ ಉಳಿದುಕೊಂಡಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರ ಮನೆಯ ವಿಷಯವನ್ನು ಇನ್ನೊಬ್ಬರ ಮನೆಯಲ್ಲಿ ಎಂದೂ ಆಡದ ಹೆಂಗಸು ಅವರು. ನಾನೂ ಅಷ್ಟು ಮರ್ಯಾದೆ ಉಳಿಸಿಕೊಳ್ಳುತ್ತೇನೆ.

ಗಿಡ್ಡಕ್ಕೆ, ದಪ್ಪಕ್ಕೆ ಇದ್ದರು. ಬಿಳಿ ಸೀರೆಯ ಮೇಲೆ ಬದನೆಕಾಯಿ ಬಣ್ಣದ ಒಂದು ಸ್ವೆಟರ್. ಏಪ್ರಿಲ್ ತಿಂಗಳ ಬಿಸಿಲಲ್ಲೂ ಅದನ್ನು ತೆಗೆದದ್ದನ್ನು ನಾನು ನೋಡಿಲ್ಲ. ಗದಗಿನ ಕಡೆಯವರು, ಗಂಡನಿಗೆ ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದು ಬಾಪೂಜಿ ನಗರದಲ್ಲಿ ಬಾಡಿಗೆಗಿದ್ದರು. ಇಪ್ಪತ್ತು ವರ್ಷ ಬೆಂಗಳೂರಿನ ನೀರು ಕುಡಿದರೂ ಮಾತು ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ. "ನೀವು ಬೆಂಗಳೂರಿನವ್ರು ಅರ್ಧಾ ಮಾತು ನುಂಗತೀರಿ, ಉಳದರ್ಧಾ ನಾಚ್ಕೊಂಡು ಬಿಡತೀರಿ," ಎಂದು ನಮ್ಮನ್ನೇ ಆಡಿಕೊಳ್ಳುತ್ತಿದ್ದರು.

ಬಸುರಿಯರು ರಸ್ತೆಯಲ್ಲಿ ಸಿಕ್ಕರೂ ಬಿಡುತ್ತಿರಲಿಲ್ಲ. ಒಮ್ಮೆ ತರಕಾರಿ ಗಾಡಿಯ ಮುಂದೆ ನಾನು ಬೀನ್ಸ್ ಆರಿಸುತ್ತಿದ್ದಾಗ ಯಾರೋ ನನ್ನ ಸೀರೆಯ ಅಂಚನ್ನು ಎತ್ತಿ ಕಾಲಿನ ಗಂಟನ್ನು ಒತ್ತಿದಂತಾಯಿತು. ಬೆಚ್ಚಿಬಿದ್ದು ನೋಡಿದರೆ ಇವರು! ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳು ಒತ್ತಿದ ಗುಳಿ ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆ ಎಂದು ನೋಡುತ್ತಿದ್ದಾರೆ. "ಬಾವು ಇಲ್ಲ. ಹೋಗು, ಬೀನ್ಸ್ ತಗೋ," ಎಂದು ಎದ್ದು ಹೋದರು. ಗಾಡಿಯವನು ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದ. ನನಗೆ ಕೋಪ ಬಂದಿತ್ತು.

"ಹೇಗಿದೀಯಮ್ಮಾ" ಅಂದರೆ "ಚೆನ್ನಾಗಿದೀನಿ" ಎನ್ನುವುದು ನಮ್ಮ ರೂಢಿ. ಅವರಿಗೆ ಆ ಉತ್ತರ ಕಂಡರೆ ಆಗದು. "ಚಲೋ ಅಂದ್ರ ಏನ್ ಚಲೋ? ಊಟಾ ಚಲೋನೋ, ನಿದ್ದಿ ಚಲೋನೋ, ಗಂಡಾ ಚಲೋನೋ? ಬಿಡಿಸಿ ಹೇಳು," ಎನ್ನುತ್ತಿದ್ದರು. ಊಟ, ನಿದ್ದೆಯ ತನಕ ಎಲ್ಲರೂ ಹೇಳುತ್ತಿದ್ದೆವು. ಮೂರನೆಯದಕ್ಕೆ ಎಲ್ಲರದೂ ಒಂದೇ ಉತ್ತರ, ತಲೆ ತಗ್ಗಿಸುವುದು.

ಅವರು ಕೆಲಸ ಮಾಡುತ್ತಿದ್ದದ್ದು ಮನೆಯೊಂದನ್ನೇ ನರ್ಸಿಂಗ್ ಹೋಮ್ ಮಾಡಿಕೊಂಡಿದ್ದ ಜಾಗ. ಮುಂದಿನ ಹಾಲಿನಲ್ಲಿ ಬೆಂಚು, ಒಳಗೆ ಡಾಕ್ಟರಮ್ಮನ ರೂಮು. ಅಲ್ಲಿ ಯಾರೂ ಬರೆದಿಟ್ಟಿರದ ಒಂದು ಕಾನೂನಿತ್ತು. ಬಸುರಿಯ ಜೊತೆ ಒಳಗೆ ಹೋಗುವುದು ಅತ್ತೆ, ಇಲ್ಲವೇ ಅಮ್ಮ. ಗಂಡಂದಿರು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಸ್ಕೂಟರಿಗೆ ಒರಗಿ ನಿಂತಿರಬೇಕು. ಡಾಕ್ಟರು ಹೇಳಿದ್ದೆಲ್ಲ ಅತ್ತೆಯ ಕಿವಿಗೆ ಬಿದ್ದು, ಅತ್ತೆಯ ಬಾಯಿಂದ ಗಂಡನಿಗೆ ತಲುಪಬೇಕು. ಅತ್ತೆಯ ಮುಂದೆ ಆಡಬಾರದ ಮಾತಿದ್ದರೆ ಅದು ಡಾಕ್ಟರ ಬಾಯಲ್ಲೂ ಬರುತ್ತಿರಲಿಲ್ಲ.

ಸಿಸ್ಟರ್ ಇದಕ್ಕೆ ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು. ಬಸುರಿಯ ಕೈಗೆ ಮೂತ್ರ ಪರೀಕ್ಷೆಯ ಬಾಟಲಿ ಕೊಟ್ಟು, "ಬಾ ತಂಗಿ, ಬಾತ್‌ರೂಮ್ ಹಿಂದ ಐತಿ," ಎಂದು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಗೆ ಯಾವ ಅತ್ತೆಯೂ ಹಿಂಬಾಲಿಸಿ ಬರುವುದಿಲ್ಲವಲ್ಲ. ಹಿತ್ತಲಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ನಲ್ಲಿ. ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರು ಸುರಿಯುವ ಸದ್ದಿನಲ್ಲಿ ಅವರು ತಮ್ಮ ಪ್ರಶ್ನೆ ಕೇಳುತ್ತಿದ್ದರು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಏಳನೇ ತಿಂಗಳಲ್ಲಿ. ಅದಕ್ಕೆ ಮೊದಲಿನದನ್ನು ಒಂದಿಷ್ಟು ಹೇಳಬೇಕು.

ಮದುವೆಯಾದ ವರ್ಷವೇ ನಾನು ಬಸುರಿಯಾಗಿದ್ದೆ. ಮೂರು ತಿಂಗಳು ತುಂಬುವ ಮುಂಚೆಯೇ ಅದು ಹೋಯಿತು. ಆಸ್ಪತ್ರೆಯಿಂದ ಬಂದ ದಿನ ಅತ್ತೆ ನನಗೆ ಬಿಸಿ ಗಂಜಿ ಕೊಟ್ಟರು, ತಲೆ ಸವರಿದರು, ಆಮೇಲೆ ಅಡುಗೆಮನೆಯಿಂದ ನಾದಿನಿಗೆ ಹೇಳುವುದು ಕೇಳಿಸಿತು: "ಈಗಿನ ಹುಡುಗ್ರಿಗೆ ನಾಲ್ಕು ದಿನ ತಡ್ಕೊಳ್ಳಕ್ಕಾಗಲ್ಲ. ಬಸ್ರಿ ಅಂತ ಗೊತ್ತಾದ್ಮೇಲೂ ಒಂದೇ ರೂಮು." ಅತ್ತೆ ಕೆಟ್ಟವರಲ್ಲ. ಮೂಡಲಪಾಳ್ಯ ಹೊಲಗದ್ದೆಯಾಗಿದ್ದ ಕಾಲದಿಂದ ಇದ್ದ ಮನೆತನ, ಅವರ ಅತ್ತೆ ಅವರಿಗೆ ಹೇಳಿದ್ದನ್ನು ಅವರು ನನಗೆ ಹೇಳಿದರು, ಅಷ್ಟೆ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ನನ್ನ ಮಗುವನ್ನು ಕೊಂದದ್ದು ನಾವಿಬ್ಬರೇ ಎಂದು ನಾನು ನಂಬಿದೆ. ಯಾರನ್ನು ಕೇಳುವುದು? ಚಂದ್ರಾ ಲೇಔಟಿನ ಒಂದು ಶಾಲೆಯಲ್ಲಿ ನಾನು ಕನ್ನಡ ಟೀಚರು. ಮಕ್ಕಳಿಗೆ ದಿನಾ ಕನ್ನಡ ಪಾಠ ಹೇಳುವವಳಿಗೆ ಈ ಒಂದು ವಿಷಯ ಕೇಳಲು ಬಾಯಲ್ಲಿ ಒಂದು ಪದವೂ ಇರಲಿಲ್ಲ.

ಎರಡನೇ ಸಲ ನಿಂತಾಗ ಸಂತೋಷಕ್ಕಿಂತ ಭಯವೇ ಮೊದಲು ಬಂತು. ಅತ್ತೆ ತಮ್ಮ ಚಾಪೆಯನ್ನು ನಮ್ಮ ರೂಮಿಗೆ ತಂದರು. ನನ್ನ ಗಂಡನ ಹಾಸಿಗೆ ನಡುಮನೆಗೆ ಹೋಯಿತು. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಡಾಕ್ಟರಮ್ಮ, "ಮಾಸು ಕೆಳಗೆ, ಗರ್ಭಕೋಶದ ಬಾಯಿ ಹತ್ರ ಇದೆ, ರಕ್ತ ಹೋಗೋ ಅಪಾಯ ಇದೆ, ಗಂಡ ಹೆಂಡ್ತಿ ದೂರ ಇರ್ಲಿ," ಎಂದು ಅತ್ತೆಗೆ ಹೇಳಿದರು. ಮನೆಗೆ ಬಂದ ಮೇಲೆ ಅತ್ತೆ ಮಗನಿಗೆ ಹೇಳಿದ್ದು ಇಷ್ಟೇ: "ಮುಟ್ಟಿದ್ರೆ ಮಗು ಉಳಿಯಲ್ವಂತೆ ಕಣಪ್ಪ. ಡಾಕ್ಟ್ರೇ ಹೇಳವ್ರೆ."

ಅವತ್ತಿನಿಂದ ಆ ಮನುಷ್ಯ ನನ್ನನ್ನು ಮುಟ್ಟುವುದಿರಲಿ, ನನ್ನ ಕೈಯಿಂದ ಕಾಫಿ ಲೋಟ ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ಟೇಬಲ್ ಮೇಲೆ ಇಡು ಎನ್ನುತ್ತಿದ್ದರು. ಅವರದು ಬಸ್‌ಸ್ಟಾಪಿನ ಹತ್ತಿರ ಎಸ್‌ಟಿಡಿ ಬೂತ್, ಜೆರಾಕ್ಸ್ ಅಂಗಡಿ. ಮೊಬೈಲು ಎಲ್ಲರ ಕೈಗೂ ಬರುವುದಕ್ಕೆ ಮುಂಚಿನ ಮಾತು. ಹೆಂಡತಿ ಬಸುರಿಯಾಗಿರುವಾಗ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು ಎಂಬ ಪದ್ಧತಿ ಬೇರೆ ನಮ್ಮಲ್ಲಿ. ಗಡ್ಡ ಎದೆಯ ಕಡೆ ಇಳಿಯುತ್ತಿತ್ತು. ಗಿರಾಕಿಗಳು "ಏನ್ ಗುರು, ಶಬರಿಮಲೇಗಾ?" ಎಂದು ಕೇಳಿದರೆ ಹೂಂ ಅಂದುಬಿಡುತ್ತಿದ್ದರಂತೆ. ಅಂಗಡಿಯಿಂದ ಬರುವುದು ದಿನದಿನಕ್ಕೂ ತಡವಾಗುತ್ತಿತ್ತು. ನನ್ನ ಹೊಟ್ಟೆ ಕಂಡರೆ ಅಸಹ್ಯವೋ, ಬೂತಿಗೆ ದಿನಾ ಊರಿಗೆ ಫೋನ್ ಮಾಡಲು ಬರುವ ಗಾರ್ಮೆಂಟ್ಸ್ ಹುಡುಗಿಯ ಮೇಲೆ ಮನಸ್ಸೋ ಎಂದು ನಾನು ಕುದಿಯುತ್ತಿದ್ದೆ. ಹಗಲು ಹೊತ್ತು ಹೊಟ್ಟೆಕಿಚ್ಚು, ಉಳಿದಂತೆ ಭಯ. ಮಗು ಒಂದು ಗಂಟೆ ಒದೆಯದಿದ್ದರೆ ನನ್ನ ಬೆವರು ಕಿತ್ತುಬರುತ್ತಿತ್ತು.

ಏಳನೇ ತಿಂಗಳಲ್ಲಿ ಇನ್ನೊಂದು ಸ್ಕ್ಯಾನಿಂಗ್ ಆಯಿತು. ಡಾಕ್ಟರಮ್ಮ ರಿಪೋರ್ಟ್ ನೋಡಿ, "ಸರಿಯಾಗಿದೆ, ಮುಂದಿನ ತಿಂಗ್ಳು ಬನ್ನಿ," ಎಂದರು. ಅತ್ತೆ ಕೈಮುಗಿದರು. ಸಿಸ್ಟರ್ ನನ್ನ ಕೈಗೆ ಬಾಟಲಿ ಕೊಟ್ಟರು.

ಹಿತ್ತಲಲ್ಲಿ ನಲ್ಲಿ ತಿರುಗಿಸಿ ಕೇಳಿದರು: "ಗಂಡನ ಜೋಡಿ ಹೆಂಗದೀ?"

"ಚೆನ್ನಾಗಿದೀವಿ ಸಿಸ್ಟರ್."

"ಸುಳ್ಳ ಬ್ಯಾಡ. ಅಂವ ಹೊರಗ ನಿಂತಾನ, ನೋಡೇನಿ. ನೀ ಗೇಟಿನಾಗ ಆಟೋ ಇಳಿಯೂವಾಗ ಕೈ ಕೊಡಲಿಲ್ಲ ಅಂವ. ಮಾತರ ಆಡತಾನೋ ಇಲ್ಲೋ?"

ನನಗೆ ಅಳು ಬಂತು. ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಮೊದಲ ಮಗುವಿನ ವಿಷಯ, ಅಡುಗೆಮನೆಯ ಮಾತು, ಗಡ್ಡ, ಗಾರ್ಮೆಂಟ್ಸ್ ಹುಡುಗಿ, ಎಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ತಮ್ಮ ಸ್ವೆಟರಿನ ತೋಳಿನಿಂದ ನನ್ನ ಮೂಗು ಒರೆಸಿದರು.

"ಕೇಳಿಲ್ಲೆ. ಮೊದಲಿನ ಕೂಸು ನಿಮ್ಮಿಂದ ಹೋಗಿಲ್ಲ. ಮೂರು ತಿಂಗಳದಾಗ ಹೋಗೂವು ತಾವ ಹೋಗತಾವ, ಅವಕ್ಕ ಬೆಳಿಯೂ ಶಕ್ತಿ ಇರಂಗಿಲ್ಲ. ಇನ್ನ ಈ ಸಲದ್ದು. ಐದರಾಗ ಮಾಸು ಕೆಳಗಿತ್ತು, ಬ್ಯಾಡ ಅಂದ್ರು, ಖರೇ ಐತಿ. ಈಗ ಮ್ಯಾಲ ಹೋಗೇತಿ. ಡಾಕ್ಟರಮ್ಮನ್ನ ಕೇಳೇನಿ, ಅಡ್ಡಿ ಇಲ್ಲ ಅಂದಾರ. ನಿಮ್ಮತ್ತಿ ಮುಂದ ಹೇಳಾಕ ಅವ್ರಿಗೂ ನಾಚಿಕಿ. ಮನಸ್ಸಿದ್ರ ಕೂಡ್ರಿ, ಇಲ್ಲಾಂದ್ರ ಬ್ಯಾಡ. ಬರೇ ಬಾಜೂ ಮಲ್ಕೊಂಡು ಕೈ ಹಿಡ್ಕೊಂಡ್ರೂ ಅದೂ ಸಂಸಾರನ. ಹೊಟ್ಟಿ ಮ್ಯಾಲ ಭಾರ ಬೀಳಬಾರದು, ಅಷ್ಟ."

ಆಮೇಲೆ ನಲ್ಲಿಯನ್ನು ನಿಲ್ಲಿಸಿದರು. ಬೇಕೆಂದೇ ನಿಲ್ಲಿಸಿದರೆಂದು ಈಗ ನನಗೆ ಅನಿಸುತ್ತದೆ. "ಒಂದು ಹನಿ ರಕ್ತ ಕಂಡ್ರ, ನೀರು ಹೋದ್ರ, ನೋವು ಬಂದ್ರ ಆಗಿಂದಾಗ ಇಲ್ಲಿ ಬರಬೇಕು. ಮುಚ್ಚಿಡಬ್ಯಾಡ. ಏನ ಮಾಡಿದ್ರೂ, ಮುಚ್ಚಿ ಮಾತ್ರ ಇಡಬ್ಯಾಡ."

ನಾನು, ಅತ್ತೆ ಹೊರಗೆ ಬರುವಷ್ಟರಲ್ಲಿ ಸಿಸ್ಟರ್ ಗೇಟಿನ ಹತ್ತಿರ ಹೋಗಿ, "ಏನ್ರೀ ಯಜಮಾನ್ರ, ಮ್ಯಾಲ ಒಂದು ಕಾಟ್ ಸರಸೂದೈತಿ, ಜರಾ ಕೈ ಹಚ್ಚರಿ," ಎಂದು ನನ್ನ ಗಂಡನನ್ನು ಮಹಡಿಗೆ ಕರೆದುಕೊಂಡು ಹೋದರು. ಹತ್ತು ನಿಮಿಷ ಬಿಟ್ಟು ನನ್ನ ಗಂಡ ಇಳಿದು ಬಂದಾಗ ಗಡ್ಡದ ನಡುವೆ ಎರಡು ಕಿವಿ ಕೆಂಪಗೆ ಕಾಣುತ್ತಿದ್ದವು. "ಅಷ್ಟು ಭಾರ ಇತ್ತೇನಪ್ಪ ಮಂಚ?" ಎಂದು ಅತ್ತೆ ಕೇಳಿದರು. "ಹೂಂ ಕಣಮ್ಮ," ಎಂದರು ಇವರು.

ಆ ವಾರ ಅತ್ತೆ ಕೆಂಗೇರಿಗೆ ಒಂದು ಗೃಹಪ್ರವೇಶಕ್ಕೆ ಹೋದರು. ಮಧ್ಯಾಹ್ನ ಇವರು ಅಂಗಡಿಗೆ ಬೀಗ ಹಾಕಿಕೊಂಡು ಊಟಕ್ಕೆ ಬಂದರು. ನಾನು ಬಡಿಸಿದೆ. ಊಟ ಮುಗಿಸಿದ ಮೇಲೂ ಎದ್ದು ಹೋಗಲಿಲ್ಲ. "ನಿನ್ನ ಮುಟ್ಟಕ್ಕೆ ಭಯ ಕಣೇ," ಎಂದರು. "ಮೊದ್ಲನೇದು ನನ್ನಿಂದಾನೇ ಹೋಯ್ತು ಅಂದ್ಕೊಂಡಿದ್ದೆ. ಅದಕ್ಕೇ ನಿನ್ನ ಮುಖ ನೋಡಕ್ಕೆ ಆಗ್ತಾ ಇರ್ಲಿಲ್ಲ. ಲೇಟಾಗಿ ಬರ್ತಿದ್ದಿದ್ದೂ ಅದಕ್ಕೇನೇ." ಇಬ್ಬರೂ ಒಂದೇ ಭಯವನ್ನು ಎರಡು ಕೋಣೆಯಲ್ಲಿ ಮಲಗಿಕೊಂಡು ಅನುಭವಿಸಿದ್ದೆವು! ನನಗೆ ನಗು ಬಂತು, ಅವರಿಗೆ ಅಳು ಬಂತು. ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ಕೂತರು. ಅವತ್ತು ನಾವು ಮತ್ತೆ ಗಂಡ ಹೆಂಡತಿಯಾದೆವು. ನಾನು ಸುಖವಾಗಿದ್ದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ನಿಜ.

ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಲಂಗದ ಮೇಲೆ ರಕ್ತದ ಕಲೆ ಕಂಡಿತು.

ಉದ್ದಿನಕಾಳಿನಷ್ಟು. ಅದನ್ನು ನೋಡಿದ ತಕ್ಷಣ ಬಕೆಟ್ಟು ಹಿಡಿದುಕೊಂಡು ಕೂತೆ. ಅಯ್ಯೋ ದೇವರೇ, ಕೊಂದೆವು, ಎರಡನೆಯದನ್ನೂ ಕೊಂದೆವು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಹೊರಗೆ ಅತ್ತೆ, "ನೀರು ಬಿಸಿಯಾಗಿದ್ಯೇನವ್ವ?" ಎಂದು ಕೇಳಿದರು. "ಆಗಿದೆ ಅತ್ತೆ," ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂತು. ಲಂಗವನ್ನು ಒಗೆದೆ. ಬೇರೆ ಉಟ್ಟೆ. ಶಾಲೆಗೆ ರಜೆ ಹಾಕಿ, ಬೆನ್ನು ನೋವು ಎಂದು ಮಲಗಿದೆ.

ಏನ ಮಾಡಿದ್ರೂ, ಮುಚ್ಚಿ ಮಾತ್ರ ಇಡಬ್ಯಾಡ ಎಂದಿದ್ದರಲ್ಲ. ನಾನು ಮಾಡಿದ್ದು ಅದನ್ನೇ. ಆಸ್ಪತ್ರೆಗೆ ಹೋಗಬೇಕೆಂದರೆ ಯಾಕೆ ಎಂದು ಅತ್ತೆಗೆ ಹೇಳಬೇಕು. ಹೇಳಿದರೆ, ಮಗು ಹೋದರೂ ಉಳಿದರೂ, ಆ ಮನೆಯಲ್ಲಿ ನಾನು ಬದುಕಿರುವ ತನಕ ಅದೇ ಮಾತು. ಮಗುವಿನ ಜೀವಕ್ಕಿಂತ ನನಗೆ ಆ ಮಾತಿನ ಭಯವೇ ಹೆಚ್ಚಾಯಿತೇ? ಆಯಿತು. ನನ್ನ ಮೇಲೆ ನನಗೆ ಈಗಲೂ ಅಸಹ್ಯವಾಗುವುದು ಇದಕ್ಕೆ. ಸಂಜೆ ಇನ್ನೊಂದು ಕಲೆ ಕಂಡಿತು. ಅದನ್ನೂ ಒಗೆದೆ. ಮಗು ಒದೆಯುವುದನ್ನು ಕಾಯುತ್ತಾ ಗೋಡೆಯ ಕಡೆ ತಿರುಗಿ ಮಲಗಿದೆ. ಒದ್ದಂತೆಯೂ ಅನಿಸುತ್ತಿತ್ತು, ಇಲ್ಲವೆಂದೂ ಅನಿಸುತ್ತಿತ್ತು.

ಹಿಡಿದದ್ದು ನನ್ನ ಗಂಡ. ಮಾರನೆಯ ದಿನ ಬೆಳಿಗ್ಗೆ ತಂತಿಯ ಮೇಲೆ ಒಂದೇ ದಿನದ ಎರಡು ಲಂಗ ಒಣಗುತ್ತಿದ್ದದ್ದನ್ನು ನೋಡಿ, ರೂಮಿನ ಬಾಗಿಲಲ್ಲಿ ನಿಂತು, "ಏನಾಯ್ತೇ?" ಎಂದರು. ನಾನು ರಕ್ತ ಎಂದು ಪಿಸುಗುಟ್ಟಿ, ಇಷ್ಟು ಎಂದು ಬೆರಳ ತುದಿ ತೋರಿಸಿದೆ. ಅವರ ಮುಖ ಬಿಳುಪೇರಿತು. ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದುಬಿಟ್ಟರು. ಅವರೂ ಹೆದರಿ ಓಡಿದರು ಎಂದುಕೊಂಡೆ. ಆದರೆ ಅವರು ನೇರ ಬೂತಿಗೆ ಹೋಗಿ, ಗಿರಾಕಿಯನ್ನು ಹೊರಗೆ ಕಳಿಸಿ, ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಸಿಸ್ಟರನ್ನು ಕೇಳಿದ್ದರು.

ಇಪ್ಪತ್ತು ನಿಮಿಷಕ್ಕೆ ಸಿಸ್ಟರ್ ನಮ್ಮ ಮನೆಯ ಮುಂದೆ ಆಟೋ ಇಳಿದರು. ಅತ್ತೆ ಬಾಗಿಲಲ್ಲೇ ಅಕ್ಕಿ ಆರಿಸುತ್ತಿದ್ದರು. "ಮೊನ್ನೆ ಈಕಿ ಬಿಪಿ ತಪ್ಪ ಬರದೀನ್ರೀ, ಇನ್ನೊಮ್ಮೆ ನೋಡಬೇಕು, ಡಾಕ್ಟರಮ್ಮ ನನಗ ಬೈಯಾಕ ಹತ್ಯಾರ," ಎಂದು ಒಂದೇ ಉಸಿರಿಗೆ ಹೇಳಿ, ಒಳಗೆ ಬಂದು ನನ್ನ ರೆಟ್ಟೆ ಹಿಡಿದು ಎಬ್ಬಿಸಿದರು. "ನಾನೂ ಬತ್ತೀನಿ ಇರಿ," ಎಂದು ಅತ್ತೆ ಸೀರೆ ಬದಲಿಸಲು ಹೋದರು. ಸಿಸ್ಟರ್ ಕಾಯಲಿಲ್ಲ. "ನೀವು ಹಿಂದಿಂದ ಬರ್ರಿ," ಎಂದು ಕೂಗಿ ಆಟೋ ಹೊರಡಿಸಿದರು.

ಆಟೋದಲ್ಲಿ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ರಸ್ತೆಯನ್ನೇ ನೋಡುತ್ತಾ ಹೇಳಿದರು. ಅವರು ಊರ ಕಡೆ ಹೊಸದಾಗಿ ನರ್ಸ್ ಆಗಿದ್ದಾಗ ನನ್ನ ವಯಸ್ಸಿನ ಒಬ್ಬ ಹುಡುಗಿ ಹೀಗೇ ಒಂದು ಕಲೆ ಕಂಡಿತೆಂದು ಬಂದಿದ್ದಳಂತೆ. ಗಂಡನ ಜೊತೆ ಇದ್ದೆ ಎಂದು ಹೇಳಿದಳಂತೆ. "ನಾನ ಆಕೀಗೆ ಬೈದೆ. ಎಲ್ಲಾರ ಮುಂದ. ತುಂಬಿದ ಹೊಟ್ಟಿ ಇಟ್ಕೊಂಡು ನಾಚಿಕಿ ಬರೂದಿಲ್ಲೇನ ನಿನಗ ಅಂದೆ. ನನಗೂ ಇಪ್ಪತ್ತೆರಡು ವರ್ಷ, ಏನ ತಿಳೀತಿತ್ತು? ಆಕಿ ತಲಿ ತಗ್ಗಿಸಿ ಹೋದ್ಲು. ಮುಂದ ಎರಡ ವಾರಕ್ಕ ಖರೇನ ರಕ್ತ ಹೋಗಾಕ ಹತ್ತೇತಿ. ಹೇಳಿಲ್ಲ. ಯಾರಿಗೂ ಹೇಳಿಲ್ಲ. ಬೈತಾರಂತ ಅಂಜಿ ಕೌದಿ ಹೊಚ್ಕೊಂಡು ಮಲಗ್ಯಾಳ. ಚಕ್ಕಡಿ ಗಾಡ್ಯಾಗ ಹಾಕ್ಕೊಂಡು ತರೂದರಾಗ ತಾಯಿ, ಕೂಸು ಇಬ್ಬರೂ ಇರಲಿಲ್ಲ."

ಇನ್ನೂ ಜೋರಾಗಿ ಹೋಗು ಎಂದು ಅವರು ಆಟೋದವನ ಬೆನ್ನನ್ನು ಮತ್ತೆ ಮತ್ತೆ ತಟ್ಟುತ್ತಿದ್ದರು. ಅಷ್ಟು ಗಟ್ಟಿ ಹೆಂಗಸು! ಅವರಿಗೇ ಇಷ್ಟು ಭಯವಾದರೆ ನನ್ನ ಮಗು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಡಾಕ್ಟರಮ್ಮ ಮೇಲೆ ಒಂದು ಹೆರಿಗೆಯಲ್ಲಿದ್ದರು. ಸಿಸ್ಟರ್ ನನ್ನನ್ನು ಮಲಗಿಸಿ, ಉದ್ದನೆಯ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದರು. ಬಲಗಡೆ ಕೇಳಿದರು. ಕೊಳವೆ ಎತ್ತಿ ಹೊಕ್ಕಳ ಕೆಳಗೆ ಇಟ್ಟರು. ಮತ್ತೆ ಎತ್ತಿದರು. ಅವರ ಮುಖದಲ್ಲಿ ಏನೂ ಇರಲಿಲ್ಲ. "ಸಿಸ್ಟರ್?" ಎಂದೆ. ಸುಮ್ಮನಿರು ಎಂದು ಕೈ ತೋರಿಸಿದರು. ಬಾಗಿಲಲ್ಲಿ ನನ್ನ ಗಂಡ, ಓಡಿ ಬಂದ ಏದುಸಿರಿನಲ್ಲಿ. ಆ ಒಂದು ನಿಮಿಷ ನನಗೆ ಇವತ್ತಿಗೂ ಮುಗಿದಿಲ್ಲ. ಆಮೇಲೆ, ಕಿವಿಯನ್ನು ಕೊಳವೆಯಿಂದ ತೆಗೆಯದೆಯೇ, ಅವರು ನನ್ನ ಮಣಿಕಟ್ಟನ್ನು ಹಿಡಿದು ಅದರ ಮೇಲೆ ತಮ್ಮ ತೋರುಬೆರಳಿನಿಂದ ಬಡಿಯತೊಡಗಿದರು. ಟಕ ಟಕ ಟಕ ಟಕ. ಬೇಗ ಬೇಗ, ಒಂದೇ ಸಮನೆ. ಅದು ಮಗುವಿನ ಎದೆಬಡಿತ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಗಂಡ ಬಾಗಿಲಲ್ಲೇ ನೆಲಕ್ಕೆ ಕೂತರು.

ಡಾಕ್ಟರಮ್ಮ ಬಂದು ಲೈಟು ಹಾಕಿ ನೋಡಿದರು, ಮತ್ತೊಂದು ಸ್ಕ್ಯಾನಿಂಗ್ ಮಾಡಿಸಿದರು. ಮಾಸು ಮೇಲೇ ಇತ್ತು. ಬಸುರಿನಲ್ಲಿ ಗರ್ಭಕೋಶದ ಬಾಯಿ ಮೆತ್ತಗಾಗಿರುತ್ತದೆ, ಸ್ವಲ್ಪ ತಾಗಿದರೂ ರಕ್ತ ಕಾಣುತ್ತದೆ, ಈ ಸಲ ಅಷ್ಟೇ ಆಗಿರುವುದು ಎಂದರು. "ಆದ್ರೆ ನಿನ್ನೆನೇ ಬರ್ಬೇಕಿತ್ತು. ಬೇರೇನಾದ್ರೂ ಆಗಿದ್ರೆ?" ಎಂದು ನನ್ನನ್ನು ಗದರಿ, ಅತ್ತೆ ಒಳಗೆ ಬಂದದ್ದನ್ನು ನೋಡದೆ, "ಇನ್ನೆರಡು ವಾರ ಗಂಡನ ಜೊತೆ ಸೇರ್ಬೇಡಿ," ಎಂದುಬಿಟ್ಟರು.

ಅತ್ತೆಯ ಕಣ್ಣು ನನ್ನ ಮೇಲೆ, ಮಗನ ಮೇಲೆ, ಆಮೇಲೆ ಸಿಸ್ಟರ್ ಮೇಲೆ ಹೋಯಿತು. "ಬಾಟ್ಲಿ ಕೊಟ್ಟು ಹಿಂದಕ್ಕೆ ಕರ್ಕೊಂಡೋಗಿದ್ದು ಇದಕ್ಕಾ? ಮಂಚ ಎತ್ತಿಸಿದ್ದು ಇದಕ್ಕಾ? ನೀನೊಬ್ಳು ಹೆಂಗ್ಸಾ? ನನ್ನ ವಂಶನೇ ಹಾಳ್ಮಾಡಕ್ಕೆ ನಿಂತಿದ್ದಲ್ಲಾ!" ಎಂದು ಕೂಗಿದರು. ಹಾಲಿನ ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಸಿಸ್ಟರ್ ಕೊಳವೆಯನ್ನು ಒರೆಸುತ್ತಾ, "ಹೌದ್ರೀ. ನಾನ ಹೇಳಿದ್ದು," ಎಂದರು.

ಅಡ್ಡಿಯಿಲ್ಲ ಎಂದು ಒಪ್ಪಿದ್ದು ಡಾಕ್ಟರಮ್ಮ. ಅವರು ಅದನ್ನು ಹೇಳಬಹುದಿತ್ತು. ಬದಲಿಗೆ, "ಸಿಸ್ಟರ್, ಇನ್ಮೇಲೆ ಇಂಥದ್ದೆಲ್ಲ ನೀವು ಮಾತಾಡ್ಬೇಡಿ. ನಾಳೆಯಿಂದ ಮೇಲಿನ ವಾರ್ಡ್ ನೋಡ್ಕೊಳ್ಳಿ," ಎಂದರು. ನಾನು ಹೇಳಬಹುದಿತ್ತು: ಅತ್ತೆ, ಸೇರಿದ್ದು ನಾವು, ನಮ್ಮಿಷ್ಟದಿಂದ, ಮುಚ್ಚಿಟ್ಟದ್ದು ನಾನು, ಕಾಪಾಡಿದ್ದು ಇವರು. ಹೇಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ನೋಡಿದೆ. ನನ್ನ ಗಂಡನೂ ಗೋಡೆಯನ್ನೇ ನೋಡಿದರು. ಸಿಸ್ಟರ್ ನಮ್ಮಿಬ್ಬರ ಕಡೆ ಒಮ್ಮೆ ತಿರುಗಿ ನೋಡಿ ಹೊರಗೆ ಹೋದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎಂಟನೇ ತಿಂಗಳಿಗೆ ನನ್ನನ್ನು ಮಹಾಲಕ್ಷ್ಮಿ ಲೇಔಟಿನ ತವರಿಗೆ ಕಳಿಸಿದರು. ಅಲ್ಲೇ ಬೇರೆ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು, ದಿನ ತುಂಬಿ, ದುಂಡಗೆ. ವಾಪಸು ಬಂದ ಮೇಲೆ ಸಿಸ್ಟರನ್ನು ನೋಡಲು ಹೋಗಬೇಕು ಎಂದುಕೊಂಡೆ. ಇವತ್ತು, ನಾಳೆ ಎಂದು ತಳ್ಳಿದೆ. ಮುಖ ಇರಲಿಲ್ಲ. ನನ್ನ ಮೌನದಿಂದ ಆ ಹಿತ್ತಲಿಗೆ ಇನ್ನು ಯಾವ ಹುಡುಗಿಯೂ ಹೋಗುವುದಿಲ್ಲ ಎಂಬುದು ನನ್ನನ್ನು ತಿನ್ನುತ್ತಿತ್ತು. ಪಕ್ಕದ ಬೀದಿಯಲ್ಲಿ ಯಾರಿಗಾದರೂ ಬಸುರು ಇಳಿಯಿತೆಂದರೆ ನನ್ನ ಕಣ್ಣು ಆ ಮನೆಯ ಬಟ್ಟೆ ಒಣಗುವ ತಂತಿಯ ಕಡೆ ಹೋಗುತ್ತಿತ್ತು. ಆ ಹುಡುಗಿಯೂ ಏನನ್ನಾದರೂ ಒಗೆದು ಒಣಗಿಸಿ ಸುಮ್ಮನೆ ಮಲಗಿದ್ದಳೋ ಏನೋ!

ಒಂದೇ ಒಂದು ಸಲ ರಸ್ತೆಯಲ್ಲಿ ಎದುರಾದರು. ಮಗಳ ಅಂಗಾಲನ್ನು ಚಿವುಟಿ, ಅವಳು ಕಾಲು ಎಳೆದುಕೊಂಡಿದ್ದಕ್ಕೆ ಖುಷಿಪಟ್ಟು, "ಚಲೋ?" ಎಂದರು. "ಊಟ, ನಿದ್ದೆ, ಗಂಡ, ಮೂರೂ ಚೆನ್ನಾಗಿದೆ ಸಿಸ್ಟರ್," ಎಂದೆ. ಜೋರಾಗಿ ನಕ್ಕರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಮಾರ್ಕೆಟ್ಟಿಗೆ ಹೊಂಟೀನಿ, ಬಿಸಲಾಗ ಕೂಸಿನ್ನ ನಿಲ್ಲಿಸಬ್ಯಾಡ," ಎಂದು ಹೊರಟೇಬಿಟ್ಟರು.

ಮೆಡಿಕಲ್ ಶಾಪಿನ ಮೆಟ್ಟಿಲಿಂದ ಎದ್ದು ಮನೆಗೆ ಹೋದೆ. ಸುದ್ದಿ ಹೇಳಿದಾಗ ಅತ್ತೆ ಮುಲಾಮನ್ನು ಪಕ್ಕಕ್ಕಿಟ್ಟು, "ನಾನೂ ಬತ್ತೀನಿ, ನಡಿ," ಎಂದರು. ಬಾಪೂಜಿ ನಗರದ ಸಂದಿಯ ಆ ಸಣ್ಣ ಮನೆಯ ತುಂಬಾ ಹೆಂಗಸರು. ಜಾಗವಿಲ್ಲದೆ ಮೆಟ್ಟಿಲ ಮೇಲೆಲ್ಲ ಕೂತಿದ್ದರು. ಸಿಸ್ಟರ್ ಅವರ ಗಂಡ, ತೆಳ್ಳಗಿನ ಮುದುಕರು, ತಲೆಯ ಹತ್ತಿರ ಕೂತು ಬಂದವರನ್ನೆಲ್ಲ ಒಂದೇ ಸಮನೆ ನೋಡುತ್ತಿದ್ದರು. ನಾನು ಹೂವು ಹಾಕಿ ಕೈಮುಗಿದಾಗ ಕೇಳಿದರು, "ಬೆಳಗಿನಿಂದ ಎಷ್ಟು ಹೆಣ್ಣಮಕ್ಕಳು ಬಂದು ಅಳಾಕ ಹತ್ತೀರವಾ. ನನಗ ಒಬ್ಬರ ಗುರ್ತೂ ಇಲ್ಲ. ಮನ್ಯಾಗ ಒಂದಿನ ಆಕಿ ನಿಮ್ಮ ಸುದ್ದಿ ಹೇಳಿಲ್ಲ. ಏನ ಮಾಡಿದ್ಲು ನಿಮಗ?"

ಎಲ್ಲರೂ ಗೊಣಗಿದರು, ತುಂಬಾ ಒಳ್ಳೆಯವರು, ದೇವರಂಥವರು ಎಂದು. ಅತ್ತೆ ಪಕ್ಕದಲ್ಲೇ ಇದ್ದರು. ನಾನು ಬಾಯಿ ತೆರೆಯುವುದನ್ನು ನೋಡಿ ನನ್ನ ಸೆರಗು ಜಗ್ಗಿದರು. ಭಯ ಐದು ವರ್ಷದ ಹಿಂದೆ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಹೇಳಿದೆ.

"ಬಸುರೀಲಿ ನಾನು, ನನ್ನ ಗಂಡ ಒಬ್ಬರನ್ನೊಬ್ಬರು ಮುಟ್ಟೋದಕ್ಕೂ ಹೆದರ್ತಿದ್ವಿ. ಹೆದರಬೇಡಿ ಅಂದಿದ್ದು ಇವ್ರೊಬ್ರೇ. ಸೇರಿದ್ವಿ. ರಕ್ತ ಕಂಡಾಗ ನಾನು ಮುಚ್ಚಿಟ್ಟೆ, ಇವ್ರು ಮನೇಗೇ ಬಂದು ಎತ್ಕೊಂಡು ಹೋದ್ರು. ಆಮೇಲೆ ಎಲ್ಲಾರ ಮುಂದೆ ನನ್ನ ಬದ್ಲಿಗೆ ಇವ್ರು ಬೈಸ್ಕೊಂಡ್ರು. ನಾನು ತುಟಿ ಬಿಚ್ಚಲಿಲ್ಲ. ಅವತ್ತಿಂದ ಇವ್ರು ಯಾರ್ಗೂ ಏನೂ ಹೇಳ್ದಂಗೆ ಆಗಿದ್ದು ನನ್ನಿಂದ."

ಅತ್ತೆಯ ಕೈ ನನ್ನ ಸೆರಗಿನ ಮೇಲೇ ಇತ್ತು, ಜಗ್ಗುವುದನ್ನು ನಿಲ್ಲಿಸಿತ್ತು. ಮೆಟ್ಟಿಲ ಹತ್ತಿರ ಕೂತಿದ್ದ ಒಬ್ಬಳು ಹುಡುಗಿ, ಇನ್ನೂ ಬಾಣಂತಿ, ಕಿವಿಗೆ ಹತ್ತಿ ಇಟ್ಟುಕೊಂಡೇ ಬಂದಿದ್ದವಳು, ಮಗುವನ್ನು ಒಂದು ತೋಳಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನನ್ನ ಕಡೆ ನೋಡಿದಳು.

"ಇಲ್ಲ ಅಕ್ಕಾ," ಎಂದಳು. "ನಂಗೂ ಹೇಳಿದ್ರು. ಹೋದ್ ವರ್ಷ. ಮಹಡಿ ಮೇಲೆ, ಬಟ್ಟೆ ಒಣಗ್ಸೋ ಕಡೆ ಕರ್ಕೊಂಡೋಗಿ."

ಅವಳ ಹಿಂದಿನಿಂದ ಇನ್ನೊಬ್ಬಳು, "ನಂಗೂ," ಎಂದಳು.